ಫೇಸಾ, ಸ್ಟೇಜಾ

ರಾಗಿ ಹಿಟ್ಟು ಮಾಡಿಸಿಕೊಂಡು ಬರಲು ಒಂದು ಚೀಲ ಬೇಕಾಗಿತ್ತು. ಹೆಂಡತಿ ಅಟ್ಟದ ಮೇಲಿನಿಂದ ಎಳೆದು ಕೊಟ್ಟದ್ದು ಸೆಣಬಿನ ಕೈಚೀಲ. ಅದರ ಮೇಲೆ ಅಚ್ಚಾಗಿದ್ದ ಸಮ್ಮೇಳನದ ಹೆಸರು ಅರ್ಧ ಉದುರಿಹೋಗಿತ್ತು. ಕೊಡವಲು ತಲೆಕೆಳಗು ಮಾಡಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ನಾಲ್ಕು ಮಡಿಕೆಯ ಒಂದು ಹಾಳೆ ಬಿತ್ತು. ಆ ಸಮ್ಮೇಳನದ ಮೂರು ದಿನಗಳ ಕಾರ್ಯಕ್ರಮ ಪಟ್ಟಿ. ಮೂರನೆಯ ದಿನದ ಸಾಲಿನ ಪಕ್ಕದಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ, ಸೊಟ್ಟ ಅಕ್ಷರಗಳಲ್ಲಿ ಎರಡು ಪದ: ‘ಪೇಸಾ ಸ್ಟೇಜಾ’.

ಅದು ನನ್ನ ಕೈಬರಹವಲ್ಲ.

ಎಂಟು ವರ್ಷಗಳಿಂದ ನಾನು ಒಂದು ಕತೆ ಹೇಳುತ್ತ ಬಂದಿದ್ದೇನೆ. ತರಗತಿಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಎರಡು ಸಲ ವೇದಿಕೆಯ ಮೇಲೂ. ಬೆಂಗಳೂರಿನಲ್ಲೇ ಹುಟ್ಟಿದ ಆಟೋದವನೊಬ್ಬನಿಗೆ ‘ಎರಡನೇ ಹಂತ’ ಎಂಬ ಕನ್ನಡ ಅರ್ಥವಾಗದೆ ನನ್ನನ್ನು ಒಂದು ಗಂಟೆ ಊರು ಸುತ್ತಿಸಿದ ಎಂಬ ಕತೆ. ಅದರಲ್ಲಿ ಆಟೋದವನು ಏನನ್ನೂ ಕೇಳುವುದಿಲ್ಲ. ಸುಮ್ಮನೆ ಓಡಿಸುತ್ತಾನೆ. ಕೊನೆಗೆ ನಾನು, ‘ನೋಡಿ, ಕನ್ನಡಕ್ಕೆ ಬಂದಿರುವ ಗತಿ’ ಎನ್ನುತ್ತೇನೆ. ಜನ ನಗುತ್ತಾರೆ. ಎಷ್ಟು ಸಲ ಹೇಳಿದ್ದೇನೆಂದರೆ, ಅವನ ಮಂಕು ಮುಖ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಹಾಳೆ ಬೇರೆಯದನ್ನೇ ಹೇಳುತ್ತಿತ್ತು. ಅವರು ಕೇಳಿದ್ದರು. ಬರೆದೂ ಕೇಳಿದ್ದರು.

(ಇನ್ನು ಮುಂದೆ ‘ಅವರು’ ಎಂದೇ ಬರೆಯುತ್ತೇನೆ. ಆಗ ಎದುರಿಗೆ ‘ನೀವು’ ಅಂದಿದ್ದೆನೋ ‘ನೀನು’ ಅಂದಿದ್ದೆನೋ... ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಎಷ್ಟು ಅನುಕೂಲ ಎಂಬುದು ಮಾತ್ರ ಗೊತ್ತಿದೆ.)

ಕಚೇರಿಗಳಲ್ಲಿ ಬಳಸಬೇಕಾದ ಕನ್ನಡ ಪದಗಳ ಬಗ್ಗೆ ಸಮ್ಮೇಳನ ಅದು. ನಾನು ಚಿತ್ರದುರ್ಗದ ಕಾಲೇಜೊಂದರ ಕನ್ನಡ ಮೇಷ್ಟ್ರು. ಬೆಂಗಳೂರೆಂದರೆ ಮೆಜೆಸ್ಟಿಕ್ಕಿನ ಆಚೆಗೆ ಏನೂ ತಿಳಿಯದವನು. ಸಮ್ಮೇಳನ ನಡೆಸುತ್ತಿದ್ದ ಸಂಸ್ಥೆಯವರು ನನ್ನನ್ನು ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಇಳಿಸಿ, ಬೆಳಿಗ್ಗೆ ಸಂಜೆ ಕರೆದೊಯ್ಯಲು ತಮ್ಮ ಖಾಯಂ ಆಟೋ ಗೊತ್ತುಮಾಡಿದ್ದರು.

ಅರವತ್ತು ದಾಟಿದವರು. ಖಾಕಿ ಅಂಗಿಯ ಮೇಲೆ ತೋಳಿಲ್ಲದ ಸ್ವೆಟರ್... ಅಥವಾ ಸ್ವೆಟರನ್ನು ಆಮೇಲೆ ನಾನೇ ತೊಡಿಸಿದೆನೋ. ಗಾಡಿಯ ಕನ್ನಡಿಗೆ ಒಣಗಿದ ನಿಂಬೆಹಣ್ಣು ಕಟ್ಟಿದ್ದುದು ಖಂಡಿತ.

ಮೊದಲ ದಿನವೇ ನನಗೆ ಆ ಕಡೆಯ ಬಡಾವಣೆಗಳ ವಿಂಗಡಣೆಯ ಪಾಠ ಮಾಡಿದರು.

“ಬ್ಲಾಕು ಅಂದ್ರೆ ಜಯನಗರ, ಸ್ಟೇಜು ಅಂದ್ರೆ ಬನಶಂಕರಿ, ಫೇಸು ಅಂದ್ರೆ ಜೇಪಿನಗರ. ಇಷ್ಟು ತಿಳ್ಕಂಡ್ರೆ ಈ ಕಡೆ ನೀವು ಕಳ್ದೋಗಲ್ಲ ಸಾರ್.”

“ಬಿಟಿಎಂ ಬಡಾವಣೆ?”

“ಅದೂ ಸ್ಟೇಜೇ. ಅಲ್ಲಿಗ್ ಮಾತ್ರ ಹೋಗ್ಬ್ಯಾಡಿ ಬುಡಿ. ಟ್ರಾಫಿಕ್ಕಲ್ಲೇ ನಿಮ್ ಸಮ್ಮೇಳನ ಮುಗ್ದೋಗ್ತದೆ.”

ನಾನು ಗಂಭೀರವಾಗಿ, ಫೇಸಿಗೂ ಸ್ಟೇಜಿಗೂ ಕನ್ನಡದಲ್ಲಿ ‘ಹಂತ’ ಎಂಬ ಒಂದೇ ಪದ ಸಾಕು ಎಂದು ವಿವರಿಸಿದೆ. ನಾನು ಓದಬೇಕಾಗಿದ್ದ ಪ್ರಬಂಧದ ವಾದವೂ ಅದೇ ಆಗಿತ್ತು.

“ನಿಮಗ್ ಸಾಕು ಸಾರ್. ಪೋಸ್ಟ್‌ಮ್ಯಾನ್‌ಗೆ ಸಾಲಲ್ಲ,” ಎಂದು ನಕ್ಕರು.

ಪ್ರಬಂಧದ ವಿರುದ್ಧ ಆ ಮೂರು ದಿನಗಳಲ್ಲಿ ಬಂದ ಸರಿಯಾದ ಆಕ್ಷೇಪ ಅದೊಂದೇ. ನಾನು ಬರೆದಿಟ್ಟುಕೊಳ್ಳಲಿಲ್ಲ.

ಎರಡನೆಯ ದಿನ ಅವರ ಊರು ಪುಟ್ಟೇನಹಳ್ಳಿ ಎಂದು ತಿಳಿಯಿತು. “ಕೆರೆ ಕೆಳಗೆ ನಮ್ದು ರಾಗಿ ಹೊಲ ಇತ್ತು. ಈಗ ಅದೇ ಸೆವೆಂತ್ ಫೇಸಾಗೈತೆ,” ಎಂದರು. ಹೊಲ ಹೋದುದರ ಸಂಕಟಕ್ಕಿಂತ ಹೊಲಕ್ಕೊಂದು ನಂಬರು ಬಿದ್ದುದರ ತಮಾಷೆಯೇ ಆ ದನಿಯಲ್ಲಿ ಹೆಚ್ಚಾಗಿತ್ತು. ಆಮೇಲೆ ಸ್ವಲ್ಪ ದೂರ ಹೋದ ಮೇಲೆ, “ಮೊಬೈಲ್ ನೋಡ್ಕಂಡು ಓಡ್ಸೋದು ನನ್ ಕಣ್ಣಿಗಾಗಲ್ಲ ಸಾರ್. ಈ ಸಂಸ್ಥೆ ಡ್ಯೂಟಿ ಒಂದೈತೆ ಅಂತ ಗಾಡಿ ಇಟ್ಕಂಡಿದೀನಿ. ಇದಿಲ್ದಿದ್ರೆ ಯಾವಾಗ್ಲೋ ಮಾರ್ಬುಡ್ತಿದ್ದೆ,” ಎಂದಿದ್ದರು. ಇದನ್ನು ನಾನು ಕೇಳಿಸಿಕೊಂಡಿದ್ದೆ. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೂರನೆಯ ದಿನ ಸಭೆ ಬೇರೆ ಭವನದಲ್ಲಿತ್ತು. ನನ್ನ ಪ್ರಬಂಧ ಅಂದೇ, ಬೆಳಗಿನ ಮೊದಲನೆಯದು. ಲಾಡ್ಜಿನ ಮುಂದೆ ಅವರು ವಿಳಾಸ ಕೇಳಿದಾಗ ಪಟ್ಟಿ ತೆಗೆದು ಓದಿದೆ: ‘ಎರಡನೇ ಹಂತ, ಒಂಬತ್ತನೇ ಅಡ್ಡರಸ್ತೆ’.

“ಹಂತ ಅಂದ್ರೆ? ಫೇಸಾ, ಸ್ಟೇಜಾ?”

“ಹಂತ ಅಂದ್ರೆ ಹಂತ.”

“ಅಂಗಲ್ಲ ಸಾರ್. ಜೇಪಿನಗರ ಸೆಕೆಂಡ್ ಫೇಸೂ ಐತೆ, ಬನಶಂಕರಿ ಸೆಕೆಂಡ್ ಸ್ಟೇಜೂ ಐತೆ. ಅದು ಆ ಕಡೆ, ಇದು ಈ ಕಡೆ.”

ಪಟ್ಟಿಯನ್ನು ನನ್ನ ಕೈಯಿಂದ ಇಸಿದುಕೊಂಡರು. ಜೇಬಿನ ಪೆನ್ನು ತೆಗೆದು, ತೊಡೆಯ ಮೇಲಿಟ್ಟು ಏನೋ ಬರೆದರು. “ಕಾರ್ಯದರ್ಶಿ ಸಾರ್‌ಗೆ ಒಂದ್ ಫೋನ್ ಹಾಕಿ. ಇಷ್ಟ್ ಕೇಳ್ಬುಡಿ ಸಾಕು. ನನ್ ಪ್ರಕಾರ ಜೇಪಿನಗರಾನೇ.”

ನಾನು ಫೋನ್ ಮಾಡಲಿಲ್ಲ. ಕಾರಣ ಇಷ್ಟೇ. ಆ ಪಟ್ಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು. ಫೇಸನ್ನು ಹಂತ ಮಾಡಿದವನು ನಾನು. ಕನ್ನಡ ಪಟ್ಟಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಯಾಕೆಂದು ‘ಜೆ.ಪಿ. ನಗರ’ ಎಂಬುದನ್ನೇ ಹೊಡೆದುಹಾಕಿದವನೂ ನಾನೇ. ತಿಂಗಳ ಹಿಂದೆ, ನಮ್ಮೂರಲ್ಲಿ ಕೂತು ಮಾಡಿದ ಕೆಲಸ. ಏನನ್ನು ಹೊಡೆದಿದ್ದೆನೆಂದು ಆಗ ಜ್ಞಾಪಕವಿರಲಿಲ್ಲ. ಆದರೆ ನನ್ನ ಕನ್ನಡದ ಅರ್ಥವನ್ನು ನಾನೇ ಫೋನ್ ಮಾಡಿ ಕೇಳುವುದೆಂದರೆ ಪ್ರಬಂಧ ಹರಿದು ಹಾಕಿದಂತೆ ಎಂಬುದು ಮಾತ್ರ ಹೊಳೆದಿತ್ತು.

“ಎರಡು ದಿನ ಬನಶಂಕರಿಯಲ್ಲೇ ನಡೆದಿದೆ, ಇವತ್ತೂ ಅಲ್ಲೇ. ನಡೀರಿ. ಏನು, ಕನ್ನಡ ಬರಲ್ವ?”

(‘ನಡೀರಿ’ ಎಂದೆನೇ? ‘ನಡಿ’ ಎಂದೆನೇ?)

“ಆಯ್ತು ಸಾರ್. ನೀವ್ ಹೇಳ್ದಂಗೆ.”

ಬನಶಂಕರಿ ಎರಡನೇ ಸ್ಟೇಜಿನ ಅಡ್ಡರಸ್ತೆಗಳಲ್ಲಿ ಸುತ್ತಿದೆವು. ಬಿಡಿಎ ಕಾಂಪ್ಲೆಕ್ಸಿನ ಮುಂದೆ ಎರಡು ಸಲ ಹಾದೆವು. ಹೂವಿನ ಅಂಗಡಿಯವಳನ್ನು ಕೇಳಿದೆವು, ಇಸ್ತ್ರಿ ಗಾಡಿಯವನನ್ನು ಕೇಳಿದೆವು. ಅಂದರೆ, ಅವರು ಇಳಿದು ಕೇಳಿದರು. ನಾನು ಒಳಗೆ ಕೂತು ಗಡಿಯಾರ ನೋಡಿದೆ. ಅಷ್ಟರಲ್ಲಿ ಕಾರ್ಯದರ್ಶಿಗಳ ಫೋನ್ ಬಂತು. “ಎಲ್ಲಿದ್ದೀರಾ ಸಾರ್? ಜೇಪಿನಗರ ಸಾರ್, ಜೇಪಿನಗರ!” ಮುಂದೆ ಕೂತವರಿಗೂ ಕೇಳುವಷ್ಟು ಜೋರು. ಅವರು ಹಿಂತಿರುಗಿ ನೋಡಲಿಲ್ಲ. ಗಾಡಿ ತಿರುಗಿಸಿದರು.

ಭವನದ ಗೇಟಿನಲ್ಲಿ ಕಾರ್ಯದರ್ಶಿಗಳು ಕಾಯುತ್ತಿದ್ದರು. ಹಿಂದೆ ನಾಲ್ಕೈದು ಜನ ವಿದ್ವಾಂಸರು, ಕೈಯಲ್ಲಿ ಕಾಫಿ. “ಏನ್ ಸಾರ್ ಇಷ್ಟೊತ್ತು?”

ಇಲ್ಲಿ ನನ್ನ ನೆನಪು ಎರಡು ರೀತಿ ಜಾರುತ್ತದೆ. ಒಂದರಲ್ಲಿ ನಾನು ತೊದಲುತ್ತೇನೆ. ಇನ್ನೊಂದರಲ್ಲಿ ಕಾರ್ಯದರ್ಶಿಗಳೇ ತಪ್ಪು ತಿಳಿಯುತ್ತಾರೆ. ಎರಡೂ ಸುಳ್ಳು. ನಾನು ಸ್ಪಷ್ಟವಾಗಿ, ನಗುತ್ತ, ಎಲ್ಲರಿಗೂ ಕೇಳುವಂತೆ ಹೇಳಿದೆ: “ಇವರಿಗೆ ದಾರಿ ಗೊತ್ತಿಲ್ಲ ಕಣ್ರೀ. ಹಂತ ಅಂದ್ರೇನೇ ಗೊತ್ತಿಲ್ಲ.”

ಕಾಫಿ ಹಿಡಿದವರು ನಕ್ಕರು. ಆ ಕತೆ ಮೊದಲ ಸಲ ನಗೆ ಹುಟ್ಟಿಸಿದ್ದು ಅಲ್ಲಿ, ಗಾಡಿಯ ಪಕ್ಕ ನಿಂತಿದ್ದ ಅವರ ಎದುರಿನಲ್ಲೇ.

“ಪುಟ್ಟೇನಹಳ್ಳೀಲಿ ಹುಟ್ಟಿದೋನು, ಜೇಪಿನಗರ ಗೊತ್ತಿಲ್ವೇನಯ್ಯ?” ಕಾರ್ಯದರ್ಶಿಗಳು ಗದರಿದರು. “ವಯಸ್ಸಾಯ್ತು ನಿಂಗೆ. ಸಾಯಂಕಾಲ ಬರ್ಬೇಡ. ಇನ್ಮೇಲೆ ನಮ್ ಡ್ಯೂಟೀನೇ ಬೇಡ, ಬೇರೆಯವರನ್ನ ನೋಡ್ಕೋತೀವಿ.”

ಅವರು ನನ್ನ ಕಡೆ ನೋಡಿದರು. ಕೋಪದಿಂದಲ್ಲ. ನಾನು ಏನಾದರೂ ಹೇಳಬಹುದೆಂದು ಕಾಯುವ ನೋಟ ಅದು. ಒಂದು ವಾಕ್ಯ ಸಾಕಾಗಿತ್ತು. ನಾನು ಶಾಲು ಸರಿಮಾಡಿಕೊಂಡೆ.

ಆಮೇಲೆ ಅವರು ಆಟೋದೊಳಕ್ಕೆ ಬಗ್ಗಿ, ಸೀಟಿನ ಮೇಲೆ ನಾನು ಮರೆತಿದ್ದ ಚೀಲವನ್ನೂ ಹಾಳೆಯನ್ನೂ ತೆಗೆದರು. ಹಾಳೆಯನ್ನು ಅಲ್ಲಿದ್ದ ಯಾರಿಗಾದರೂ ತೋರಿಸಿದ್ದರೆ ನನ್ನ ಮಾತು ಅಲ್ಲೇ ಮುಗಿಯುತ್ತಿತ್ತು. ಅವರು ಅದನ್ನು ನಾಲ್ಕಾಗಿ ಮಡಿಸಿ, ಚೀಲದ ಪಕ್ಕದ ಜೇಬಿಗೆ ಹಾಕಿ ನನ್ನ ಕೈಗೆ ಕೊಟ್ಟರು.

“ಪೇಪರ್ ಒಳಗೈತೆ ಸಾರ್.”

ನನಗೆ ಅವರು ಹೇಳಿದ ಕೊನೆಯ ಮಾತು ಅದು.

ಪ್ರಬಂಧವನ್ನು ಮಧ್ಯಾಹ್ನಕ್ಕೆ ಹಾಕಿಕೊಟ್ಟರು. ಚೆನ್ನಾಗಿ ಓದಿದೆ. ಬೆಳಗಿನ ಪ್ರಸಂಗವನ್ನೇ ಉದಾಹರಣೆಯಾಗಿ ಸೇರಿಸಿದೆ, ಚಪ್ಪಾಳೆ ಬಿತ್ತು. ಪದಕೋಶದ ಸಮಿತಿಗೂ ಸೇರಿಸಿಕೊಂಡರು. ಈಗ ಅಚ್ಚಾಗಿರುವ ಆ ಪುಸ್ತಕದಲ್ಲಿ ಫೇಸ್ ಎಂಬುದಕ್ಕೆ ‘ಹಂತ’ ಎಂದಿದೆ, ಸ್ಟೇಜ್ ಎಂಬುದಕ್ಕೂ ‘ಹಂತ’ ಎಂದಿದೆ. ಅಂದು ಸಂಜೆ ಯಾರದೋ ಕಾರಿನಲ್ಲಿ ಲಾಡ್ಜಿಗೆ ಹೋದೆ. ಗೇಟಿನಲ್ಲಿ ಆಟೋ ಇತ್ತೇ ಎಂದು ನೋಡಲಿಲ್ಲ.

ಚೀಲ ಸಿಕ್ಕಿದ ಮೇಲೆ, ಕಳೆದ ಶನಿವಾರ ಬೆಂಗಳೂರಿಗೆ ಹೋದೆ. ಬೇರೆ ಕೆಲಸವಿರಲಿಲ್ಲ. ಬನಶಂಕರಿಯಲ್ಲಿ ಮೆಟ್ರೋ ಇಳಿದು ಪುಟ್ಟೇನಹಳ್ಳಿಗೆ ಹೋಗಿ, ಕೆರೆಯ ಹತ್ತಿರ ನಿಂತಿದ್ದ ಆಟೋದವರಲ್ಲಿ ಅವರ ಬಗ್ಗೆ ವಿಚಾರಿಸಿದೆ. ನಡುವಯಸ್ಸಿನ ಒಬ್ಬರು ಗಾಡಿಯಿಂದ ಇಳಿದು ಬಂದರು.

“ಹೆಸರೇನ್ ಸಾರ್ ಅವರ್ದು?”

ಮೂರು ದಿನ ಅವರ ಗಾಡಿಯಲ್ಲಿ ಕೂತಿದ್ದೆ. ಹೆಸರು ಕೇಳಿರಲಿಲ್ಲ. “ವಯಸ್ಸಾದವರು... ಹಿಂದೆ ಇಲ್ಲಿ ಅವರದು ರಾಗಿ ಹೊಲ ಇತ್ತಂತೆ.”

“ಇಲ್ಲಿ ಎಲ್ರುದೂ ಹೊಲಾನೇ ಇದ್ದಿದ್ದು ಸಾರ್.” ಅವರು ನಗಲಿಲ್ಲ. “ಹಳಬ್ರಲ್ಲಿ ಕೆಲವ್ರು ಗಾಡಿ ಮಾರುದ್ರು. ಇನ್ನೂ ಕೆಲವ್ರು ಕೊರೋನಾದಾಗೆ ಹೋಗ್ಬುಟ್ರು. ನಿಮಗೇನಾಗ್ಬೇಕಿತ್ತು ಅವರು?”

ಹಾಳೆ ಜೇಬಿನಲ್ಲಿತ್ತು. ತೆಗೆದು ತೋರಿಸಿದರೆ ಕೈಬರಹ ಗುರುತಿಸುತ್ತಾರೇನೋ ಎನ್ನಿಸಿತು. ಗುರುತಿಸಿಬಿಟ್ಟರೆ ಎಂಬ ಭಯವೂ ಆಯಿತು. ತೆಗೆಯಲಿಲ್ಲ.

ಸೋಮವಾರ ತರಗತಿಯಲ್ಲಿ ಪಾರಿಭಾಷಿಕ ಪದಗಳ ಪಾಠವಿತ್ತು. ಪ್ರತಿವರ್ಷದಂತೆ ಒಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಸೀನಿಯರ್ಸ್ ಹೇಳ್ತಿರ್ತಾರಲ್ಲ, ಆ ಆಟೋದವನ ಕತೆ ಹೇಳಿ ಸಾರ್.”

ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. “ಆಟೋದವರು...” ಎಂದು ಶುರುಮಾಡಿದೆ.

ಅಷ್ಟಕ್ಕೇ ಹಿಂದಿನ ಬೆಂಚಿನವರು ನಗತೊಡಗಿದರು.