ಜೋಡಿ ಮುಖದ ನಾಣ್ಯ

ಪಂಢರಿನಾಥನಂಥ ಹಟಮಾರಿಯನ್ನು ನಾನು ಹುಬ್ಬಳ್ಳಿಯಲ್ಲಿ ಬೇರೆ ಕಂಡಿಲ್ಲ. ದೇಶಪಾಂಡೆ ನಗರದಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿ, ಅದರ ಮೇಲೆಯೇ ಅವನ ಮನೆ. ಬ್ಯಾಂಕಿನಿಂದ ಬಂದವನೇ ಚಹಾ ಕೂಡ ಕುಡಿಯದೆ ನನ್ನ ಭೂತಗನ್ನಡಿ ಕಸಿದುಕೊಳ್ಳುತ್ತಿದ್ದ. ರೋಮನ್ ಸಾಮ್ರಾಜ್ಯದ ದೂರದೂರದ ಊರುಗಳು ತಾವೇ ಅಚ್ಚು ಹಾಕಿಸಿದ ತಾಮ್ರದ ನಾಣ್ಯಗಳೆಂದರೆ ಅವನಿಗೆ ಹುಚ್ಚು.

“ಫಾರೂಕ, ಇಲ್ಲಿ ನೋಡಲೇ, ಇಂವ ನೀರೋ ಚಕ್ರವರ್ತಿ!”

“ಯಾರರೆ ಆಗ್ಲಿ ಮಾರಾಯಾ, ಗಿರಾಕಿ ನಿಂತಾರ, ನನ್ನ ಗ್ಲಾಸ್ ಕೊಡು.”

ಅವನ ಒಬ್ಬನೇ ಮಗ ಆಶಿಷ್ ಹತ್ತೊಂಬತ್ತನೇ ವಯಸ್ಸಿಗೆ ಗಬ್ಬೂರ ಬೈಪಾಸಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಉಳಿದ ಚಕ್ರವರ್ತಿಗಳೆಲ್ಲ ಟ್ರಂಕಿಗೆ ಸೇರಿದರು. ಹೊರಗೆ ಉಳಿದವನು ಒಬ್ಬನೇ, ಗೋರ್ಡಿಯನ್. ಹದಿಮೂರಕ್ಕೆ ಪಟ್ಟವೇರಿದ ಹುಡುಗ, ದಂಡಯಾತ್ರೆಗೆ ಹೋಗಿ ಹತ್ತೊಂಬತ್ತಕ್ಕೇ ಸತ್ತ. ಒಂದು ಊರಿನ ನಾಣ್ಯದಲ್ಲಿ ಅವನದು ಹಾಲುಗಲ್ಲ, ಇನ್ನೊಂದರಲ್ಲಿ ಆಗಷ್ಟೇ ಚಿಗುರಿದ ಮೀಸೆ. ಪಂಢರಿನಾಥ ಅವನ್ನು ವಯಸ್ಸಿನ ಪ್ರಕಾರ ನನ್ನ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ. ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಹೆಂಡತಿ ಗೋದಾಬಾಯಿ ಒಬ್ಬಳೇ ಅಳುತ್ತಿದ್ದಳು. ಅವಳ ಮುಂದೆ ಈ ಪುಣ್ಯಾತ್ಮನೋ ಮಗನ ಹೆಸರನ್ನೇ ಎತ್ತುತ್ತಿರಲಿಲ್ಲ.

ಕಳೆದ ದೀಪಾವಳಿಗೆ ಮೊದಲು ಅವನು ವರ್ಷಗಟ್ಟಲೆ ಹುಡುಕಿದ್ದ ನಾಣ್ಯ ಕೈಗೆ ಬಂತು. ಸಿಂಗಾರಾ ಎಂಬ ಊರಿನದು. ಎಡಕ್ಕೆ ಗೋರ್ಡಿಯನ್, ಬಲಕ್ಕೆ ಅವನ ಎಳೆಯ ಹೆಂಡತಿ, ಮುಖಕ್ಕೆ ಮುಖ.

“ಮಾರಿ ಉಳಿದಿರೂದು ಈ ಹಸಿರು ಕಿಲುಬಿನಾಗ. ತಿಕ್ಕಿದ್ರ ಎಲ್ಲಾ ಹೋತು,” ಎಂದು ನನ್ನ ಬೆರಳನ್ನೂ ತಾಗಗೊಡಲಿಲ್ಲ. ಅಷ್ಟರಲ್ಲಿ ಗೋದಾಬಾಯಿ ಊಟಕ್ಕೆ ಕರೆಯಲು ಇಳಿದು ಬಂದಳು. ಅವನಿಗೆ ಅದೇನು ಅನ್ನಿಸಿತೋ, ಮೊದಲ ಸಲ ಅವಳಿಗೂ ತೋರಿಸಿದ. “ಗೋದಾ, ಇಂವ ಹುಡುಗ. ಇಕಿ ಅವನ ಹೇಣ್ತಿ.” ಅವಳು ಕಣ್ಣು ಕಿರಿದಾಗಿಸಿ ಬಗ್ಗಿ ನೋಡಿದಳು.

ಲಕ್ಷ್ಮೀಪೂಜೆಯ ದಿನ ನನ್ನನ್ನು ಫರಾಳದ ತಿಂಡಿಗೆ ಕರೆದಿದ್ದರು. ಪೂಜೆಗಿಡುವ ನಾಣ್ಯಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ಆ ಮನೆಯ ರೂಢಿ. ನಾನು ಚಕ್ಕುಲಿ ಕಡಿಯುತ್ತಿದ್ದಾಗ ಗೋದಾಬಾಯಿ ತಟ್ಟೆ ಹಿಡಿದು ಬಂದಳು. ಬೆಳ್ಳಿ ರೂಪಾಯಿಗಳ ನಡುವೆ ಸಿಂಗಾರಾದ ನಾಣ್ಯ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಹುಡುಗನಿಲ್ಲ, ಹುಡುಗಿಯಿಲ್ಲ. ಬರೀ ತಾಮ್ರ.

ಪಂಢರಿನಾಥನ ಮುಖ ಬಿಳಿಚಿಕೊಂಡಿತು. ಇನ್ನೇನು ರಾಮಾಯಣ ಆಗುತ್ತದೆಂದು ನಾನು ಎದ್ದು ನಿಂತೆ.

“ಯಾಕ ತಿಕ್ಕಿದಿ?” ಎಂದ.

“ಸೊಸಿ ಮಾರಿ ಸರೀ ಕಾಣವಲ್ದಾಗಿತ್ರಿ,” ಎಂದಳು ಗೋದಾಬಾಯಿ. “ಮೊದಲನೇ ಹಬ್ಬಕ್ಕ ಬಂದಾಳ, ಕುಂಕುಮ ಹಚ್ಚೂಣಂತ ತೊಳದೆ. ನನ್ನ ಕಣ್ಣಿಗಂತೂ ಈಗೂ ಏನೂ ಕಾಣವಲ್ಲದು. ನೀವರೆ ನೋಡ್ರಿ, ಛಲೋ ಅದಾಳೇನು?”

ಯಾ ಅಲ್ಲಾ! ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟೆ.

ಪಂಢರಿನಾಥ ನನ್ನ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟುಕೊಂಡ. ಬೋಳು ತಾಮ್ರವನ್ನು ಬಹಳ ಹೊತ್ತು ನೋಡಿದ.

“ಭಾಳ ಛಲೋ ಅದಾಳ, ಗೋದಾ. ನಮ್ಮ ಆಶಿಷನ್ನ ನೋಡಿ ನಗಾಕತ್ತಾಳ.”

ಗೋದಾಬಾಯಿ ಬೆರಳಿಗೆ ಕುಂಕುಮ ತೆಗೆದುಕೊಂಡಳು. “ಎಲ್ಲಿ ಹಚ್ಚಲಿ? ತೋರಸ್ರಿ.”

ಅವನು ಅವಳ ಬೆರಳು ಹಿಡಿದು ನಾಣ್ಯದ ಬಲಗಡೆ ಇಟ್ಟ.