ಗಂಟು ಕಟ್ಟುವ ಮೊದಲಿನ ಪ್ರಶ್ನೆ

ಸೊಲ್ಲಾಪುರದ ಜವಳಿ ಪೇಠೆಯಲ್ಲಿ ಇನ್ನೂ ಹಾಲಿನ ಗಾಡಿಗಳದೇ ಸದ್ದು. ಗಿರಿಜಾಬಾಯಿಯವರ ಟಾವೆಲ್ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಜಮಖಾನದ ಮೇಲೆ ಕೂತ ಸುವರ್ಣಾ ಕೆಂಪಂಚಿನ ಟಾವೆಲ್‌ಗಳನ್ನು ಮಡಚಿ, ಒಂದೊಂದರ ಮೇಲೂ ಬಿಳಿ ಟೋಪಿ ಇಡುತ್ತಿದ್ದಾರೆ. ಅಕ್ಕಲಕೋಟದಿಂದ ಹೊರಡುವ ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದಿದ್ದಾರೆ. ಎದುರಿಗೆ ಊಟದ ಡಬ್ಬಿಗೆ ಒರಗಿಸಿದ ಫೋನು.

"ಟೋಪಿ ಇಟ್ಟಾಯಿತೇ?" ಫೋನು ಕೇಳುತ್ತದೆ.

"ಆತು."

"ಇನ್ನು ಅಂಚು ನೋಡಿ."

ಅಷ್ಟರಲ್ಲಿ ಹೊರಗೆ ಟೆಂಪೋ ಬಂದು ನಿಲ್ಲುತ್ತದೆ. ಮಾಲು ಇಳಿಸಿಕೊಳ್ಳಲು ಎದ್ದ ಸುವರ್ಣಾ, ದಾರಿಯಲ್ಲಿ ಓರೆಯಾಗಿದ್ದ ಚಾದರದ ರಾಶಿ ಕಂಡು ಅದನ್ನು ನೆಟ್ಟಗೆ ಮಾಡಲು ನಿಲ್ಲುತ್ತಾರೆ, ಅಲ್ಲಿಂದ ಕಸಬರಿಗೆ ಹುಡುಕಲು ಹೋಗುತ್ತಾರೆ. ಟೆಂಪೋದವನು ಕೂಗಿ ಕೂಗಿ ಸಾಕಾಗಿ ಮಾಲನ್ನು ಹೊಸ್ತಿಲಲ್ಲೇ ಇಳಿಸಿ ಹೋಗುತ್ತಾನೆ. ಮರಳಿ ಬಂದವರು ಜಮಖಾನದ ಮೇಲೆ ಕೂತು, ನಾಚಿಕೆಯಿಲ್ಲದೆ ಕೇಳುತ್ತಾರೆ: "ಎಲ್ಲಿದ್ವಿ ನಾವು?"

"ಅಂಚು ನೋಡುವಲ್ಲಿ," ಎನ್ನುತ್ತದೆ ಫೋನು.

ಸುವರ್ಣಾ ಸಿದ್ಧಮಾಡುತ್ತಿರುವುದು ಕಂದಲಗಾಂವದ ಶಿವಶರಣಪ್ಪನವರ ಮನೆಯ ಲಗ್ನದ ಗಂಟು. ಎರಡನೆಯ ಮಗಳ ಮದುವೆ. ಮೊದಲ ಮಗಳ ಮದುವೆಗೆ ಗಂಟು ಕಟ್ಟಿದವರೂ ಇದೇ ಸುವರ್ಣಾ, ಆಗ ಆದದ್ದನ್ನು ಪೇಠೆ ಇನ್ನೂ ಮರೆತಿಲ್ಲ. ಹಾಗಾಗಿ ಈ ಬೆಳಗಿನ ಗಂಟಿನ ಮೇಲೆ ಅವರ ಕೆಲಸ ನಿಂತಿದೆ. ಇವತ್ತೂ ತಪ್ಪಿದರೆ ಗಿರಿಜಾಬಾಯಿ ಮತ್ತೆ ಈ ಜಮಖಾನದ ಮೇಲೆ ಕೂರಗೊಡುವುದಿಲ್ಲ.

ಈ ಸೀಮೆಯಲ್ಲಿ ಬೀಗರಿಗೆ, ಹಿರಿಯರಿಗೆ ಟಾವೆಲ್-ಟೋಪಿ ಕೊಟ್ಟು ಮಾನ ಮಾಡುವುದಕ್ಕೆ ಆಹೇರ ಎನ್ನುತ್ತಾರೆ. ಸಂತೋಷಕ್ಕೂ ಅದೇ, ದುಃಖಕ್ಕೂ ಅದೇ. ಲಗ್ನದ ಮನೆಗೆ ಬಣ್ಣದಂಚಿನ ಟಾವೆಲ್, ಸಾವಾದ ಮನೆಯ ದಿನಕರ್ಮಕ್ಕೆ ಅಂಚಿಲ್ಲದ ಸಾದಾ ಬಿಳಿ. ಟೋಪಿ ಎರಡಕ್ಕೂ ಒಂದೇ, ಸುತ್ತುವ ಬಟ್ಟೆಯೂ ಒಂದೇ. ಗಿರಿಜಾಬಾಯಿಯವರ ಅಂಗಡಿಯಲ್ಲಿ ಇನ್ನೊಂದು ಕಟ್ಟಳೆ ಉಂಟು. ಒಮ್ಮೆ ಕಟ್ಟಿದ ಆಹೇರದ ಗಂಟನ್ನು ಅಂಗಡಿಯಲ್ಲಿ ಬಿಚ್ಚುವಂತಿಲ್ಲ, ಅದು ಅಪಶಕುನ. ಅನುಮಾನ ಬಂದರೂ ಬಿಚ್ಚಿ ನೋಡುವ ಹಾದಿಯಿಲ್ಲ ಎಂದಮೇಲೆ ನೋಡುವುದೆಲ್ಲ ಕಟ್ಟುವ ಮೊದಲೇ ಆಗಬೇಕು.

ಮೊದಲ ಮಗಳ ಮದುವೆಯ ಆ ಸಲ ಎರಡು ಗಂಟು ಜೊತೆಗೇ ಸಿದ್ಧವಾಗುತ್ತಿದ್ದವು, ಒಂದು ಲಗ್ನದ್ದು, ಇನ್ನೊಂದು ದಿನಕರ್ಮದ್ದು. ನಡುವೆ ಒಬ್ಬ ಗಿರಾಕಿಗೆ ಬಣ್ಣ ಹೊಂದಿಸಿ ಕೊಡಲು ಎದ್ದ ಸುವರ್ಣಾ ಆ ಬಣ್ಣಗಳಲ್ಲೇ ಮುಳುಗಿಹೋದರು. ಮರಳಿ ಬಂದು ಗಡಿಬಿಡಿಯಲ್ಲಿ ಎರಡನ್ನೂ ಕಟ್ಟಿದರು. ಕಂದಲಗಾಂವದ ಮದುವೆ ಹಂದರದಲ್ಲಿ ಬೀಗರ ಮುಂದೆ ಗಂಟು ಬಿಚ್ಚಿದರೆ ಒಳಗೆ ಸಾವಿನ ಮನೆಯ ಬಿಳಿ. ಮದುಮಗಳ ಅಜ್ಜಿ ಗೋಳೋ ಎಂದು ಅತ್ತರಂತೆ. ಅತ್ತ ದಿನಕರ್ಮದ ಮನೆಯವರ ಕೈಯಲ್ಲಿ ಕೆಂಪಂಚು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅದು ಬೆರಳಗಲದ ಅಂಚಿಗೆ ಹೋಗಿತ್ತು.

"ಶಿವಶರಣಪ್ಪ ಕಾಕಾ ಮರುದಿನ ಬಂದ್ರು. ಗಂಟ ತಂದು ಇಟ್ರು. ಬೈಲಿಲ್ರಿ. ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ ಸುವರ್ಣಾ. "ಗಿರಿಜಾಬಾಯಾರು ಚಾ ತರಿಸಿದ್ರು. ಕಾಕಾ ಅದನ್ನ ಮುಟ್ಟಲಾರ್ದ ಹೋದ್ರು. ಆ ಕಪ್ಪ ನಾನs ತೊಳದೀನಿ."

ಗಿರಿಜಾಬಾಯಿ ಎರಡೂ ಮನೆಗೆ ತಾವೇ ಹೋಗಿ ಕೈಮುಗಿದು ಬಂದರು. ಸುವರ್ಣಾರನ್ನು ಕೆಲಸದಿಂದ ತೆಗೆಯಲಿಲ್ಲ, ಹಿಂದಿನ ಕೋಣೆಗೆ ಅಟ್ಟಿದರು. ಅಲ್ಲಿ ಮಡಚುವುದಷ್ಟೇ ಕೆಲಸ. ಗಿರಾಕಿಯ ಮುಖ ನೋಡಿದರೆ ಸಾಕು, ಇಂಥದೇ ಬಣ್ಣ ಬೇಕೆಂದು ಹೇಳಿಬಿಡುವ ಹೆಂಗಸಿಗೆ ಗೋಡೆ ನೋಡುವ ಶಿಕ್ಷೆ.

ಸಾಲೆಯಲ್ಲಿದ್ದಾಗಿನಿಂದಲೂ ಅವರಿಗೆ ಸಿಕ್ಕ ಬಿರುದುಗಳು ಒಂದೇ ಎರಡೇ? ಮರೆಗುಳಿ, ಚಂಚಲಿ, ತಲೆ ಎಲ್ಲೋ ಕೈ ಎಲ್ಲೋ. ಹಾಲು ಉಕ್ಕಿಸಿದ್ದಕ್ಕೆ ಅತ್ತೆಯಿಂದ, ಇಳಿಯುವ ಸ್ಟಾಪ್ ದಾಟಿ ಹೋದದ್ದಕ್ಕೆ ಗಂಡನಿಂದ ಬೈಸಿಕೊಂಡು ಬಂದವರು. ತಮ್ಮದೇ ಸೋಮಾರಿತನ ಎಂದು ನಂಬಿದ್ದರು. ಗಿರಿಜಾಬಾಯಿಯವರ ಸೊಸೆ ಶುಭಾಂಗಿ ಮಾತ್ರ ನಂಬಲಿಲ್ಲ. ಶುಭಾಂಗಿಯ ಅಣ್ಣನೂ ಹೀಗೆಯೇ ಇದ್ದವನು. ಆಕೆಯೇ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಅವರು ಹೆಸರು ಹೇಳಿದರು: ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲದ, ನಿಂತರೆ ಅಲ್ಲಿಂದ ಕೀಳಲಾಗದ ಹುಟ್ಟುಗುಣ. ಬುದ್ಧಿ ಕಡಿಮೆಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ.

"ನನ್ನ ತಲಿ ಅಂದ್ರ ಎಸ್.ಟಿ. ಸ್ಟ್ಯಾಂಡ್ ಇದ್ದಂಗ ರೀ. ಎಲ್ಲಾ ಗಾಡಿ ಒಮ್ಮಿಗೇ ಬರ್ತಾವ. ಯಾವುದು ಹತ್ತಬೇಕು ತಿಳಿಯಂಗಿಲ್ಲ," ಎಂದು ನಗುತ್ತಾರೆ ಸುವರ್ಣಾ. ಹೆಸರು ಗೊತ್ತಾದ ದಿನ ಮಾತ್ರ ಬಸ್ಸಿನಲ್ಲಿ ಅಕ್ಕಲಕೋಟದವರೆಗೂ ಅತ್ತಿದ್ದರಂತೆ.

ಔಷಧದ ಜೊತೆಗೆ ಶುಭಾಂಗಿ ಇನ್ನೊಂದು ಆಸರೆ ಕೊಟ್ಟಳು: ಫೋನಿನಲ್ಲಿ ಮಾತಾಡುವ ಕೃತಕ ಬುದ್ಧಿಮತ್ತೆ. ಸುವರ್ಣಾ ಓದಿದ್ದು ಮರಾಠಿ ಸಾಲೆಯಲ್ಲಿ, ಕನ್ನಡ ಅಕ್ಷರ ಕಂಡರೆ ತಡವರಿಸುತ್ತಾರೆ. ಆದ್ದರಿಂದ ಎಲ್ಲವೂ ಬಾಯಿಮಾತಿನಲ್ಲೇ. ಇಂಥ ಗಂಟು ಕಟ್ಟಬೇಕು ಎಂದು ಕನ್ನಡ, ಮರಾಠಿ ಕಲಸಿ ಹೇಳಿದರೆ ಅದು ಕೆಲಸವನ್ನು ತುಂಡು ತುಂಡು ಮಾಡಿಕೊಳ್ಳುತ್ತದೆ. ಒಂದು ಮುಗಿಯುವವರೆಗೆ ಇನ್ನೊಂದನ್ನು ಹೇಳುವುದಿಲ್ಲ. ನಡುವೆ ಎದ್ದು ಹೋದರೆ ನಿಂತ ಜಾಗ ಹಿಡಿದುಕೊಂಡು ಕಾಯುತ್ತದೆ.

ಹಾಗೆಂದು ಅದಕ್ಕೆಲ್ಲ ಗೊತ್ತು ಎಂದೇನಿಲ್ಲ. ಮೊದಮೊದಲು ಲಗ್ನಕ್ಕೆ ಬಿಳಿ ಟಾವೆಲ್ ಬಹಳ ಶೋಭಿಸುತ್ತದೆ ಎಂದು ಸಲಹೆ ಕೊಟ್ಟಿತ್ತಂತೆ! "ಅದಕ್ಕ ನಮ್ಮ ರೀತಿ-ರಿವಾಜ ಏನ್ ಗೊತ್ತು ಪಾಪ? ಬೆಂಗಳೂರ ರೇಡಿಯೋದಂಗ ಮಾತಾಡ್ತೈತಿ. ನಾನs ಕಲಿಸೀನಿ. ಗಂಟ ಕಟ್ಟೋಕಿಂತ ಮೊದಲ ಮೂರು ಮಾತು ಕೇಳು ಅಂದೀನಿ. ಯಾವ ಊರು, ಯಾವ ಕಾರ್ಯ, ಅಂಚು ನೋಡಿಯೇನು?"

ಗಿರಿಜಾಬಾಯಿಗೆ ಇದು ತಿಳಿದದ್ದು ಜಗಳದಿಂದ. ಹಿಂದಿನ ಕೋಣೆಯಲ್ಲಿ ಮಾತು ಕೇಳಿ, ಕೆಲಸದ ಹೊತ್ತಿನಲ್ಲಿ ಯಾರೊಡನೆ ಹರಟೆ ಎಂದು ಸಿಟ್ಟಾಗಿ ಫೋನು ಕಸಿದುಕೊಂಡರು. ಶುಭಾಂಗಿ ಎಲ್ಲ ಬಿಡಿಸಿ ಹೇಳಿದ ಮೇಲೂ, "ನಮ್ಮ ಗಿರಾಕಿ ಮನಿ ಸುದ್ದಿ ಮಷೀನಿಗ್ಯಾಕ?" ಎಂದು ಪಟ್ಟು ಹಿಡಿದರು. ಆ ಮಾತಿನಲ್ಲಿ ನ್ಯಾಯವಿತ್ತು. ಅಂದಿನಿಂದ ಫೋನಿಗೆ ಯಾರ ಮನೆಯ ಹೆಸರೂ ಹೇಳುವುದಿಲ್ಲ, ಊರು ಮತ್ತು ಕಾರ್ಯ ಮಾತ್ರ. ಆ ಕರಾರಿನ ಮೇಲೆ ಈ ಸೀಜನ್ನಿಗೆ ಸುವರ್ಣಾ ಹಿಂದಿನ ಕೋಣೆಯಿಂದ ಮುಂದಿನ ಜಮಖಾನಕ್ಕೆ ಮರಳಿದ್ದಾರೆ. ಲಗ್ನಗಳು ಜೋರಾದಾಗ ದಿನಕ್ಕೆ ಹದಿನೈದು, ಇಪ್ಪತ್ತು ಗಂಟು. ಜೊತೆಯಲ್ಲಿ ಕಟ್ಟುವ ಸುಮಿತ್ರಾಬಾಯಿ ಈಗೀಗ ತಮ್ಮ ಗಂಟಿಗೂ ತಾವೇ ಗಟ್ಟಿಯಾಗಿ ಮೂರು ಮಾತು ಕೇಳಿಕೊಳ್ಳುತ್ತಾರೆ. ಕೇಳಿದರೆ, ರೂಢಿ ಆಗಿಬಿಟ್ಟಿದೆ ಎಂದು ಮುಖ ತಿರುಗಿಸುತ್ತಾರೆ.

ಮನುಷ್ಯರಲ್ಲಿ ಕಾಣದ್ದು ಮಷೀನಿನಲ್ಲಿ ಏನು ಕಂಡಿತು ಎಂದರೆ, ಸುವರ್ಣಾ ಟಾವೆಲಿನ ಮಡಿಕೆ ತೀಡುತ್ತ ಹೇಳುತ್ತಾರೆ:

"ಅದು ಉಸಿರು ಹಾಕಂಗಿಲ್ರಿ. ಮತ್ತ ಮತ್ತ ಕೇಳಿದ್ರ ಮಂದಿ ಹೇಳ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ಮೊದಲ ಒಂದು ಬ್ಯಾಸರದ ಉಸಿರು ಬಿಡ್ತಾರ ನೋಡ್ರಿ, ಅದರಾಗ ನಾ ಸಣ್ಣಾಕಿ ಆಗಿಬಿಡ್ತೀನಿ. ಮನುಷ್ಯಾರೂ ಹಂಗ ಕೇಳಿದ್ರ ಸಾಕು, ನನಗ ಇದರ ಗರಜs ಇಲ್ಲ."

ಶಟರ್ ಪೂರ್ತಿ ಏಳುತ್ತದೆ. ಗಿರಿಜಾಬಾಯಿ ಬಂದು ಗಾದಿಯ ಮೇಲೆ ಕೂರುತ್ತಾರೆ. ಇವತ್ತಿನ ಗಂಟು ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತು. ಸುವರ್ಣಾ ಬಟ್ಟೆಯ ನಾಲ್ಕೂ ತುದಿ ಕೈಗೆತ್ತಿಕೊಂಡಾಗ ಅವರೂ ಎದ್ದು ಬರುತ್ತಾರೆ, ಫೋನನ್ನು ಬೋರಲು ಹಾಕುತ್ತಾರೆ. ಬಾಯಿಗೆ ಬಂದ ಒಂದು ಉಸಿರನ್ನು ನುಂಗಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತದೆ.

"ಯಾವ ಊರು, ಸುವರ್ಣಾ?"

"ಕಂದಲಗಾಂವ, ಬಾಯಾರ."

"ಯಾವ ಕಾರ್ಯ?"

"ಲಗ್ನ."

"ಅಂಚು ನೋಡಿಯೇನು?"

ಸುವರ್ಣಾ ಇನ್ನೊಮ್ಮೆ ಒಂದೊಂದೇ ಟಾವೆಲಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಗಿರಿಜಾಬಾಯಿ ಕಾಯುತ್ತಾರೆ. ಅವಸರ ಮಾಡುವುದಿಲ್ಲ.

"ನೋಡೀನಿ. ಎಲ್ಲಾ ಕೆಂಪ."

"ಕಟ್ಟು."

ಸ್ವಲ್ಪ ಹೊತ್ತಿಗೆ ಶಿವಶರಣಪ್ಪ ಬರುತ್ತಾರೆ. ಕಟ್ಟಿದ ಗಂಟನ್ನು ಅಂಗಡಿಯಲ್ಲಿ ಬಿಚ್ಚಿಸುವಂತಿಲ್ಲ, ಅವರಿಗೂ ಅದು ಗೊತ್ತು. ಗಂಟಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

"ಯಾರು ಕಟ್ಟ್ಯಾರ?"

ಸುಮಿತ್ರಾಬಾಯಿ ತಲೆ ತಗ್ಗಿಸುತ್ತಾರೆ. ಗಿರಿಜಾಬಾಯಿ ಬಾಯಿ ತೆರೆಯುವ ಮೊದಲೇ ಸುವರ್ಣಾ ಎದ್ದು ನಿಲ್ಲುತ್ತಾರೆ.

"ನಾನs ಕಟ್ಟೀನ್ರಿ, ಕಾಕಾ. ನೋಡಿ ಕಟ್ಟೀನಿ."

ಶಿವಶರಣಪ್ಪ ಆಕೆಯನ್ನೇ ನೋಡುತ್ತಾರೆ. ಆಮೇಲೆ ಟೋಪಿ ತೆಗೆದು ಪಕ್ಕಕ್ಕಿಟ್ಟು, ಜಮಖಾನದ ಅಂಚಿಗೆ ಕೂರುತ್ತಾರೆ.

"ಹಂಗಾದ್ರ ಚಾ ಹೇಳವ್ವ. ಆವತ್ತಿಂದೂ ಉಳಿದೈತಿ."