ತಾರೀಖಪ್ಪ
ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ತಾರೀಖಪ್ಪ. ಡೇಟಾಬೇಸಿನಲ್ಲಿ ದಿನಾಂಕದ ಕಾಲಂ ಅನ್ನು ಯಾರಾದರೂ ಟೆಕ್ಸ್ಟ್ ಎಂದು ಇಟ್ಟರೋ, ಮುಗಿಯಿತು ಅವರ ಕತೆ. "ಅಕ್ಷರ ಅಂದ್ಕೊಂಡು ಜೋಡಿಸಿದ್ರೆ, ಒಂದರಿಂದ ಶುರುವಾಗೋ ಹತ್ತನೇ ತಾರೀಖು ಎರಡಕ್ಕಿಂತ ಮುಂಚೆ ಬಂದು ಕೂರುತ್ತೆ ಕಣ್ರೀ! ಡೇಟ್ ಅಂತಾನೇ ಇಡಿ." ಮದುವೆಗೆ ಕರೆದರೂ ಮೊದಲು ಇಸವಿ ಕೇಳುವ ಆಸಾಮಿ. ರೋಗಿಯೊಬ್ಬರ ಮುಂದಿನ ಭೇಟಿಗೆ ನರ್ಸಮ್ಮ 'ನಾಳೆ' ಎಂದು ತುಂಬಿದ್ದಕ್ಕೆ ಮೂರು ಮಹಡಿ ಇಳಿದು ಬಂದಿದ್ದರು: "ನಾಳೆ ಅನ್ನೋದು ತಾರೀಖೇನಮ್ಮಾ? ಯಾವತ್ತು ಓದಿದ್ರೂ ನಾಳೇನೇ ಇರುತ್ತೆ!" ಸಂಜೆ ಮನೆ ಸೇರಿದರೆ, ಮರೆವು ಹತ್ತಿದ ತಾಯಿ ಬಾಗಿಲಲ್ಲೇ ಕೇಳುತ್ತಾರೆ: "ನಿಮ್ಮಪ್ಪ ಯಾವತ್ತೋ ಬರೋದು?" ಅಪ್ಪ ತೀರಿಕೊಂಡ ದಿನ, ಗಂಟೆ, ನಿಮಿಷ ಎಲ್ಲವೂ ತಾರೀಖಪ್ಪನವರಿಗೆ ಬಾಯಿಪಾಠ. ಚಪ್ಪಲಿ ಬಿಚ್ಚುತ್ತಾ ಹೇಳುತ್ತಾರೆ: "ನಾಳೆ, ಅಮ್ಮ."